ಘಾನಾದಲ್ಲಿ ಯಾವುದಕ್ಕೆ ಹೆದರಬೇಕು?

ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ರಸ್ತೆ ದಾಟುವಾಗ ಮೊದಲು ಎಡಗಡೆ ನೋಡಬೇಕು. ನಾವು ಚಿಕ್ಕಂದಿನಿಂದ ಬಲಗಡೆ ನೋಡಿ ಹೆಜ್ಜೆ ಇಟ್ಟವರು. ಬ್ರಿಟಿಷರು ಆಳಿದ ದೇಶವಾದ್ದರಿಂದ ಅಲ್ಲೂ ಮೊದಲು ನಮ್ಮ ಹಾಗೇ ಗಾಡಿಗಳು ಎಡಬದಿಯಲ್ಲಿ ಓಡುತ್ತಿದ್ದವು. ಆದರೆ ಸುತ್ತಲಿನ ಮೂರು ದೇಶಗಳಾದ ಟೋಗೊ, ಬುರ್ಕಿನಾ ಫಾಸೊ, ಐವರಿ ಕೋಸ್ಟ್‌ಗಳಲ್ಲಿ ಫ್ರೆಂಚರ ಪದ್ಧತಿ, ಅಂದರೆ ಬಲಬದಿ. ಗಡಿ ದಾಟಿದ ಕೂಡಲೇ ಲಾರಿಯವರು ಬದಿ ಬದಲಿಸಬೇಕಿತ್ತು. ಕೊನೆಗೆ 1974ರ ಆಗಸ್ಟ್ 4ರಂದು ಇಡೀ ಘಾನಾ ಬಲಬದಿಗೆ ಹೊರಳಿತು. ರಾಜಧಾನಿ ಅಕ್ರಾದಲ್ಲಿ ವಿಮಾನ ಇಳಿದ ಕನ್ನಡಿಗರಿಗೆ ಎದುರಾಗುವ ಮೊದಲ ಅಪಾಯ ಇದೇ.

ನಾನು ಹೊರಡುವ ಮುಂಚೆ ಇದನ್ನು ಯಾರೂ ಹೇಳಿರಲಿಲ್ಲ. ನನ್ನ ಅಣ್ಣ ಅಕ್ರಾ ಪಕ್ಕದ ಬಂದರು ಊರು ತೆಮಾದಲ್ಲಿ ಕೆಲಸಕ್ಕಿದ್ದ. ಅವನನ್ನು ನೋಡಿ, ಹಾಗೇ ದೇಶವನ್ನೂ ಸುತ್ತಿ ಬರೋಣ ಅಂತ ಹೊರಟಾಗ ಮನೆಯವರು, ನೆಂಟರು ಹೇಳಿದ್ದೆಲ್ಲ ಬೇರೆ. ಅಪಹರಣ ಮಾಡ್ತಾರಂತೆ, ಮಿಲಿಟರಿ ದಂಗೆ ಆಗುತ್ತಂತೆ, ಎಬೋಲಾ ಇದೆಯಂತೆ. ಪ್ರೀತಿಯಿಂದಲೇ ಹೇಳಿದ ಮಾತುಗಳು. ಆದರೆ ಒಂದು ಮಾತೂ ಆ ದೇಶದ ಬಗ್ಗೆ ಇರಲಿಲ್ಲ.

ಆ ಹೆದರಿಕೆ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. 2025ರ ಜುಲೈ 1ರಂದು ಮಾಲಿ ದೇಶದ ಕಾಯೆಸ್‌ನಲ್ಲಿ ಒಂದು ಸಿಮೆಂಟ್ ಕಾರ್ಖಾನೆಯಿಂದ ಮೂವರು ಭಾರತೀಯರನ್ನು ಅಪಹರಿಸಿದರು. ಅದು ನಿಜವಾದ ಸುದ್ದಿ. ಮಾಲಿ, ಬುರ್ಕಿನಾ ಫಾಸೊ, ನೈಜರ್ ಮೂರರಲ್ಲೂ 2020ರ ನಂತರ ಸೇನೆ ಅಧಿಕಾರ ಹಿಡಿದಿದೆ. ಅಲ್ಲಿನ ಬಂದೂಕುಧಾರಿ ಗುಂಪುಗಳ ಹಾವಳಿ ಸುಳ್ಳಲ್ಲ. ಆದರೆ ಕಾಯೆಸ್‌ನಿಂದ ಅಕ್ರಾ ಎಷ್ಟು ದೂರ? ಸುಮಾರಾಗಿ ಬೆಂಗಳೂರಿನಿಂದ ಕೋಲ್ಕತ್ತಾ ಇರುವಷ್ಟು. ನಡುವೆ ದೇಶವೇ ಬೇರೆ, ಭಾಷೆ ಬೇರೆ, ರಾಜಕೀಯ ಬೇರೆ. ಘಾನಾದಲ್ಲಿ 1992ರ ಸಂವಿಧಾನ ಬಂದ ಮೇಲೆ ಸರ್ಕಾರ ಬದಲಾಗಿದ್ದು ಮತಪೆಟ್ಟಿಗೆಯಿಂದ ಮಾತ್ರ. 2024ರ ಡಿಸೆಂಬರಿನಲ್ಲೂ ಆಡಳಿತ ಪಕ್ಷ ಸೋತು, ವಿರೋಧ ಪಕ್ಷ ಗೆದ್ದು, ಅಧಿಕಾರ ತಣ್ಣಗೆ ಕೈ ಬದಲಾಯಿತು. ಇನ್ನು ಎಬೋಲಾ. 2014ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ತತ್ತರಿಸಿದಾಗಲೂ ಘಾನಾದಲ್ಲಿ ಒಂದೇ ಒಂದು ಪ್ರಕರಣ ದೃಢಪಟ್ಟಿರಲಿಲ್ಲ.

ಹಾಗಂತ ಘಾನಾದ ನಕ್ಷೆ ಪೂರ್ತಿ ಒಂದೇ ಥರ ಇಲ್ಲ. ಉತ್ತರದ ತುದಿಯಲ್ಲಿ ಬಾವ್ಕು ಅನ್ನುವ ಊರಿದೆ. ಅಲ್ಲಿ ಕುಸಾಸಿ ಮತ್ತು ಮಾಂಪ್ರುಸಿ ಜನರ ನಡುವೆ ಊರಿನ ಮುಖ್ಯಸ್ಥ ಯಾರಾಗಬೇಕು ಅನ್ನುವ ಜಗಳ ತಲೆಮಾರುಗಳಿಂದ ನಡೆದಿದೆ. ಆಗಾಗ ಗುಂಡು ಹಾರುತ್ತದೆ, ಕರ್ಫ್ಯೂ ಬೀಳುತ್ತದೆ. ಅದರಾಚೆ ಬುರ್ಕಿನಾ ಫಾಸೊ ಗಡಿ. ಪ್ರವಾಸಿಗರಿಗೆ ಅಲ್ಲಿ ಕೆಲಸವಿಲ್ಲ. ಉತ್ತರ ನೋಡಬೇಕು ಅಂತ ಆಸೆ ಇದ್ದರೆ ಮೋಲೆ ರಾಷ್ಟ್ರೀಯ ಉದ್ಯಾನದವರೆಗೆ ಹೋಗಿ ಆನೆ ನೋಡಿ, ಲರಬಂಗದ ಹಳೆಯ ಮಣ್ಣಿನ ಮಸೀದಿ ನೋಡಿ ಬರಬಹುದು. ಗಡಿಯ ಕಡೆಗೆ ಹೋಗುವ ಮುಂಚೆ ಆ ವಾರದ ಪರಿಸ್ಥಿತಿಯನ್ನು ಸ್ಥಳೀಯರ ಹತ್ತಿರ ಕೇಳಲೇಬೇಕು.

ಒಂದು ಸಂಜೆ ಅಣ್ಣನ ಜೊತೆ ಕೆಲಸ ಮಾಡುವ ಘಾನಾದ ಒಬ್ಬರು ಮನೆಗೆ ಬಂದಿದ್ದರು. ಅವರ ಮಗನಿಗೆ ಬೆಂಗಳೂರಿನ ಕಾಲೇಜೊಂದರಲ್ಲಿ ಓದುವ ಆಸೆ. ‘ಮೇಡಂ, ನಿಮ್ಮ ಊರು ನಮ್ಮ ಹುಡುಗರಿಗೆ ಸೇಫಾ?’ ಅಂತ ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. 2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಒಂದು ಅಪಘಾತವಾಯಿತು. ಸುಡಾನಿನ ಒಬ್ಬ ಯುವಕನ ಕಾರು ಬಡಿದು ಒಬ್ಬ ಹೆಂಗಸು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಅಪಘಾತಕ್ಕೂ ಅವಳಿಗೂ ಏನೇನೂ ಸಂಬಂಧವಿರಲಿಲ್ಲ. ಅವಳ ಮೈಬಣ್ಣವೇ ಆ ಗುಂಪಿಗೆ ಸಾಕಾಗಿತ್ತು.

ನಾನು ಅವರಿಗೆ ಸುಳ್ಳು ಹೇಳಲಿಲ್ಲ. ಬಹುಪಾಲು ದಿನ ಅವನು ನೆಮ್ಮದಿಯಿಂದಲೇ ಇರುತ್ತಾನೆ, ಆದರೆ ಬಾಡಿಗೆ ಮನೆ ಹುಡುಕುವಾಗ ಕಷ್ಟಪಡುತ್ತಾನೆ, ಬಸ್ಸಿನಲ್ಲಿ ಜನ ದಿಟ್ಟಿಸಿ ನೋಡುತ್ತಾರೆ ಅಂದೆ. ಅಕ್ರಾದ ಬೀದಿಗಳಲ್ಲಿ ನಾನು ನಡೆದಷ್ಟು ನಿರಾಳವಾಗಿ ಅವರ ಮಗ ನಮ್ಮ ಬೀದಿಗಳಲ್ಲಿ ನಡೆಯಲಾರ ಅನ್ನುವುದು ಆಗ ನನಗೆ ಸ್ಪಷ್ಟವಾಯಿತು. ಆಫ್ರಿಕಾ ಅಂದ ಕೂಡಲೇ ನಮ್ಮ ಎದೆಯಲ್ಲಿ ಏಳುವ ಭಯದಲ್ಲಿ ಮಾಹಿತಿ ಎಷ್ಟು, ಕಪ್ಪು ಬಣ್ಣದ ಬಗ್ಗೆ ನಮಗಿರುವ ತಾತ್ಸಾರ ಎಷ್ಟು ಅಂತ ಬಿಡಿಸಿ ನೋಡಬೇಕಾಗುತ್ತದೆ. ಯಾಕಂದರೆ ಆ ಬೆರಕೆ ಭಯ ನಮ್ಮನ್ನು ಕಾಯುವುದಿಲ್ಲ. ನೋಡಬೇಕಾದ ಕಡೆಯಿಂದ ಕಣ್ಣನ್ನು ಬೇರೆ ಕಡೆ ತಿರುಗಿಸುತ್ತದೆ.

ನೋಡಬೇಕಾದ ಕಡೆ ಅಂದರೆ ಮೊದಲು ರಸ್ತೆ.

ಟ್ರೋಟ್ರೋ ಅಂದರೆ ಅಲ್ಲಿನ ಶೇರ್ ವ್ಯಾನು. ಯುರೋಪಿನಲ್ಲಿ ಓಡಿ ಸವೆದ ಹಳೆಯ ಗಾಡಿಗಳೇ ಜಾಸ್ತಿ. ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುವ ಹುಡುಗನಿಗೆ ‘ಮೇಟ್’ ಅನ್ನುತ್ತಾರೆ. ಸೀಟು ತುಂಬುವ ತನಕ ಗಾಡಿ ಹೊರಡುವುದಿಲ್ಲ. ಊರೊಳಗೆ ಹತ್ತಿರದ ಓಡಾಟಕ್ಕೆ, ಹಗಲಲ್ಲಿ, ಟ್ರೋಟ್ರೋ ಬಹಳ ಚೆನ್ನಾಗಿದೆ. ಪಕ್ಕದವರು ಎಲ್ಲಿ ಇಳಿಯಬೇಕು ಅಂತ ತಾವಾಗಿಯೇ ಹೇಳುತ್ತಾರೆ, ಚಿಲ್ಲರೆ ಕೈಯಿಂದ ಕೈಗೆ ಹಿಂದಿನ ಸೀಟಿನವರೆಗೂ ಸರಿಯಾಗಿ ಬರುತ್ತದೆ. ಆದರೆ ದೂರದ ಊರಿಗೆ ನಾನು ಅದರಲ್ಲಿ ಹೋಗುವುದಿಲ್ಲ. ಅಕ್ರಾದಿಂದ ಕುಮಾಸಿಗೆ ಸುಮಾರು 250 ಕಿಲೋಮೀಟರ್. ಹಲವು ಕಡೆ ಎರಡೇ ಲೇನು. ಮರದ ದಿಮ್ಮಿ ಹೊತ್ತ ಲಾರಿ, ಅದನ್ನು ಹಿಂದೆ ಹಾಕಲು ನುಗ್ಗುವ ಕಾರು, ಎದುರಿನಿಂದ ಬಸ್ಸು. ಕೆಟ್ಟು ನಿಂತ ಲಾರಿಯ ಹಿಂದೆ ಹಸಿರು ಕೊಂಬೆಗಳನ್ನು ಕಡಿದು ರಸ್ತೆಯ ಮೇಲೆ ಹಾಕಿರುತ್ತಾರೆ, ನಮ್ಮ ಹೆದ್ದಾರಿಗಳಲ್ಲಿ ಸೊಪ್ಪು ಕಟ್ಟುವ ಹಾಗೆಯೇ. ಹಗಲಲ್ಲಿ ಆ ಸೊಪ್ಪು ಕಾಣುತ್ತದೆ. ರಾತ್ರಿ ಕಾಣುವುದಿಲ್ಲ.

ಹಾಗಾಗಿ ನಾನು ಯಾರಿಗೇ ಆದರೂ ಹೇಳುವ ಮೊದಲ ಮಾತು: ಕತ್ತಲಾದ ಮೇಲೆ ಊರಿಂದ ಊರಿಗೆ ಪ್ರಯಾಣ ಬೇಡ. ಬೆಳಿಗ್ಗೆ ಬೇಗ ಹೊರಡಿ. ಸರ್ಕಾರಿ ಮೂಲದ ಎಸ್‌ಟಿಸಿ ಬಸ್ಸುಗಳಿವೆ, ವಿಐಪಿ ಅನ್ನುವ ಖಾಸಗಿ ಬಸ್ಸುಗಳಿವೆ. ರಾತ್ರಿ ಬಸ್ಸು ಹತ್ತಿ ಮಲಗಿ ಬೆಳಿಗ್ಗೆ ಎದ್ದರೆ ಊರು ಬಂದಿರುತ್ತದೆ ಅನ್ನುವುದು ನಮಗೆ ರೂಢಿ. ಒಂದು ದಿನ ಉಳಿಯಿತು ಅನ್ನಿಸುತ್ತದೆ. ಅಲ್ಲಿ ಆ ಲೆಕ್ಕ ಬಿಡಿ. ಮೋಲೆಗೆ ಹೋಗುವವರು ಅಕ್ರಾದಿಂದ ಉತ್ತರದ ತಮಾಲೆ ನಗರಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿಂದ ಕಾರು ಹಿಡಿಯುವುದು ಮೇಲು. ಖರ್ಚು ಜಾಸ್ತಿ, ನಿಜ. ಆ ಹಣವನ್ನು ಬೇರೆ ಎಲ್ಲಾದರೂ ಉಳಿಸಬಹುದು. ಕಾರು ಗೊತ್ತು ಮಾಡಿದರೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಇದೆಯಾ ಅಂತ ಮೊದಲೇ ನೋಡಿ. ಇಲ್ಲದಿದ್ದರೆ ಬೇರೆ ಕಾರು ಕೇಳಿ. ‘ಸ್ವಲ್ಪ ನಿಧಾನ’ ಅಂತ ಚಾಲಕರಿಗೆ ಹೇಳಲು ಸಂಕೋಚ ಬೇಡ. ಇದನ್ನು ಬೈಗುಳದ ಧಾಟಿಯಲ್ಲಿ ಹೇಳದೆ, ನಿಮಗೆ ಹೆದರಿಕೆ ಆಗುತ್ತಿದೆ ಅಂತ ಹೇಳಿದರೆ ಅವರು ಖಂಡಿತ ನಿಧಾನ ಮಾಡುತ್ತಾರೆ. ಒಕಾಡಾ ಅನ್ನುವ ಬೈಕ್ ಟ್ಯಾಕ್ಸಿಯನ್ನು ನಾನು ಹತ್ತಲೇ ಇಲ್ಲ.

ಕಡಲತೀರದ ಊರು ಕೇಪ್ ಕೋಸ್ಟ್ ಹತ್ತಿರ ಕಾಕುಮ್ ಕಾಡಿದೆ. 1995ರಲ್ಲಿ ಕಟ್ಟಿದ ತೂಗುಸೇತುವೆ ಅಲ್ಲಿ ಮರದಿಂದ ಮರಕ್ಕೆ ಸುಮಾರು 350 ಮೀಟರ್ ಉದ್ದ ಹೋಗುತ್ತದೆ. ಒಂದೊಂದು ಕಡೆ ನೆಲದಿಂದ 30 ಮೀಟರಿಗೂ ಮೇಲೆ. ಜನ ಹಗ್ಗ ಗಟ್ಟಿಯಾಗಿ ಹಿಡಿದು, ದೇವರ ಹೆಸರು ಹೇಳುತ್ತಾ ದಾಟುತ್ತಾರೆ. ಅದೇ ಜನ ಅಲ್ಲಿಗೆ ಬರುವಾಗ ಕಾರಿನಲ್ಲಿ ಬೆಲ್ಟ್ ಹಾಕಿರುವುದಿಲ್ಲ. ನಾನು ಅಲ್ಲಿ ನಿಂತು ಬಹಳ ಹೊತ್ತು ಇದನ್ನೇ ಯೋಚಿಸಿದೆ. ಎತ್ತರಕ್ಕೆ ಹೆದರುವುದು ನಮ್ಮ ರಕ್ತದಲ್ಲೇ ಇದೆ. ವೇಗಕ್ಕೆ ಹೆದರುವುದನ್ನು ಕಲಿಯಬೇಕು.

ಇನ್ನು ಸಮುದ್ರ. ಗಿನಿ ಕೊಲ್ಲಿಯ ತೀರ ನೋಡಲು ಎಷ್ಟು ಚೆಂದವೋ ನೀರಿಗೆ ಇಳಿಯಲು ಅಷ್ಟೇ ಕಠಿಣ. ಅಕ್ರಾದ ಲಬಾಡಿ ಬೀಚಿನಲ್ಲಿ ಭಾನುವಾರ ಜಾತ್ರೆಯಷ್ಟು ಜನ. ಆದರೆ ದಡದಿಂದ ಒಳಕ್ಕೆ ಎಳೆದುಕೊಂಡು ಹೋಗುವ ಸೆಳೆತ ಇದೆ. ಗೋಕರ್ಣ, ಮುರುಡೇಶ್ವರದಲ್ಲಿ ಮುಳುಗಿದವರ ಸುದ್ದಿ ಓದುತ್ತಲೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೊಂಟದವರೆಗಿನ ನೀರಿನಲ್ಲೂ ಕಾಲ ಕೆಳಗಿನ ಮರಳು ಜಾರುತ್ತದೆ. ಸೆಳೆತಕ್ಕೆ ಸಿಕ್ಕರೆ ನೇರವಾಗಿ ದಡದ ಕಡೆ ಈಜಲು ಹೋಗಿ ಸುಸ್ತಾಗಬಾರದು. ತೀರಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದ ಮೇಲೆ ದಡ ಹಿಡಿಯಬೇಕು. ಈಜು ಬಾರದವರು ದಡದಲ್ಲೇ ಇರುವುದು ಒಳ್ಳೆಯದು. ಎಲ್ಲಿ ಇಳಿಯಬಹುದು ಅಂತ ಮೀನುಗಾರರನ್ನು ಕೇಳಿ. ಆ ತೀರದಲ್ಲಿ ಮಂಗಳವಾರ ಸಮುದ್ರಕ್ಕೆ ವಿಶ್ರಾಂತಿ, ಅವತ್ತು ಬಲೆ ಬೀಸುವುದಿಲ್ಲ. ಬಣ್ಣ ಬಳಿದ ಉದ್ದನೆಯ ದೋಣಿಗಳ ನೆರಳಲ್ಲಿ ಕೂತು ಬಲೆ ಹೊಲಿಯುತ್ತಿರುತ್ತಾರೆ, ಮಾತಿಗೆ ಸಿಗುತ್ತಾರೆ. ಕತ್ತಲಾದ ಮೇಲೆ ಬೀಚಿನಲ್ಲಿ ಓಡಾಡುವುದು ಬೇಡ. ಅಲ್ಲಿ ಅಪಾಯ ನೀರಿನಿಂದಲ್ಲ, ಫೋನು ಮತ್ತು ಪರ್ಸು ಕಸಿಯುವವರಿಂದ.

ಸಿಹಿನೀರೂ ಪೂರ್ತಿ ನಿರಪಾಯವಲ್ಲ. ಅಕೊಸೊಂಬೊ ಅಣೆಕಟ್ಟಿನಿಂದ ಹುಟ್ಟಿದ ವೋಲ್ಟಾ ಸರೋವರ ಸಮುದ್ರದಂತೆ ಕಾಣುತ್ತದೆ. ಆ ನೀರಿನ ಬಸವನಹುಳುಗಳಿಂದ ಬಿಲ್ಹಾರ್ಜಿಯಾ ಅನ್ನುವ ರೋಗ ಬರುತ್ತದೆ. ಅವುಗಳಿಂದ ನೀರಿಗೆ ಬಿದ್ದ ಸಣ್ಣ ಹುಳು ಚರ್ಮದ ಮೂಲಕವೇ ನಮ್ಮ ಮೈಯೊಳಗೆ ಹೋಗುತ್ತದೆ. ದೋಣಿಯಲ್ಲಿ ಹೋಗಿ, ಲೈಫ್ ಜಾಕೆಟ್ ಹಾಕಿಕೊಂಡು. ಸ್ನಾನಕ್ಕೆ ಇಳಿಯಬೇಡಿ.

ಕಳ್ಳರ ವಿಷಯ ಯಾರೂ ಬಿಡುವುದಿಲ್ಲ, ಅದಕ್ಕೆ ನಾನು ಬೇಗ ಹೇಳಿ ಮುಗಿಸುತ್ತೇನೆ. ಅಕ್ರಾ ದೊಡ್ಡ ನಗರ. ಮಕೋಲಾ ಮಾರುಕಟ್ಟೆಯಲ್ಲಿ, ಸರ್ಕಲ್ ಅನ್ನುವ ಜಾಗದ ಬಸ್ ನಿಲ್ದಾಣದಲ್ಲಿ ಜೇಬು ಕತ್ತರಿಸುವವರು ಇದ್ದಾರೆ. ಬೈಕಿನಲ್ಲಿ ಬಂದು ಫೋನು ಕಸಿಯುವವರೂ ಇದ್ದಾರೆ. ಸಿಗ್ನಲ್‌ನಲ್ಲಿ ಕಾರಿನ ಗಾಜು ಏರಿಸಿರಿ. ರಸ್ತೆಬದಿ ನಿಂತು ನಕ್ಷೆ ನೋಡಬೇಡಿ, ಅಂಗಡಿಯೊಳಗೆ ಹೋಗಿ ನೋಡಿ. ಎಟಿಎಂ ಬೇಕಾದರೆ ಹಗಲಲ್ಲಿ, ಬ್ಯಾಂಕಿನೊಳಗೆ ಇರುವುದು. ಬೋಲ್ಟ್, ಉಬರ್ ಎರಡೂ ಸಿಗುತ್ತವೆ, ನಂಬರ್ ಪ್ಲೇಟ್ ಹೊಂದಿಸಿ ನೋಡಿ ಹತ್ತಬೇಕು. ತುರ್ತಿಗೆ ಕರೆ 112. ಇನ್ನೊಂದು ವಿಷಯ ಯಾವ ಪಟ್ಟಿಯಲ್ಲೂ ಬರುವುದಿಲ್ಲ: ಚರಂಡಿ. ಅಕ್ರಾದ ಎಷ್ಟೋ ಬೀದಿಗಳ ಪಕ್ಕದಲ್ಲಿ ಆಳವಾದ ಚರಂಡಿಗಳಿಗೆ ಮುಚ್ಚಳವೇ ಇಲ್ಲ. ಕರೆಂಟು ಹೋದ ರಾತ್ರಿ ಕೈಯಲ್ಲಿ ಟಾರ್ಚ್ ಇಲ್ಲದಿದ್ದರೆ ಕಾಲು ಮುರಿಯುವುದು ಖಚಿತ. ಮಳೆ ಜೋರಾದರೆ ಇವೇ ಚರಂಡಿಗಳು ಉಕ್ಕುತ್ತವೆ. 2015ರ ಜೂನ್ 3ರ ರಾತ್ರಿ ಅಕ್ರಾದ ಸರ್ಕಲ್ ಹತ್ತಿರ ಪ್ರವಾಹದಿಂದ ತಪ್ಪಿಸಿಕೊಳ್ಳಲು ಜನ ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದರು. ಬಂಕು ಸ್ಫೋಟಿಸಿತು. ಪ್ರವಾಹ, ಬೆಂಕಿ ಎರಡೂ ಸೇರಿ 150ಕ್ಕೂ ಹೆಚ್ಚು ಜನ ಸತ್ತರು. ಜೂನ್ ಹೊತ್ತಿಗೆ ಹೋಗುವವರು ಮಳೆ ಬರುವಾಗ ಹೋಟೆಲಿನಲ್ಲೇ ಇದ್ದುಬಿಡಿ.

ಮೋಸದಲ್ಲಿ ನಮ್ಮವರು ವಿಶೇಷವಾಗಿ ಸಿಕ್ಕಿಬೀಳುವುದು ಚಿನ್ನದ ವಿಷಯದಲ್ಲಿ. ಒಂದು ಕಾಲಕ್ಕೆ ಆ ದೇಶದ ಹೆಸರೇ ಗೋಲ್ಡ್ ಕೋಸ್ಟ್. ಈಗಲೂ ಅಲ್ಲಿ ನೆಲದಲ್ಲಿ ಚಿನ್ನವಿದೆ. ‘ಹಳ್ಳಿಯಿಂದ ತಂದ ಚಿನ್ನದ ಪುಡಿ, ನಿಮಗೆ ಕಮ್ಮಿ ಬೆಲೆಗೆ’ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದು ಚಿನ್ನವಲ್ಲದಿದ್ದರೆ ದುಡ್ಡು ಹೋಯಿತು. ಚಿನ್ನವೇ ಆಗಿದ್ದರೆ ಇನ್ನೂ ಕಷ್ಟ. ಹೊಸ ಕಾನೂನಿನ ಪ್ರಕಾರ 2025ರ ಮೇ ತಿಂಗಳಿನಿಂದ ವಿದೇಶಿಯರು ಅಲ್ಲಿನ ಸ್ಥಳೀಯ ಚಿನ್ನದ ವ್ಯಾಪಾರದಲ್ಲಿ ಕೈಹಾಕುವ ಹಾಗೇ ಇಲ್ಲ. ಹಾಗೆಯೇ ಮಿಲಿಟರಿ ಬಣ್ಣದ, ಅಂದರೆ ಹಸಿರು ಮಚ್ಚೆಯ ಪ್ಯಾಂಟು, ಟೋಪಿ, ಚೀಲ ಯಾವುದನ್ನೂ ಒಯ್ಯಬೇಡಿ. ಸಾಮಾನ್ಯ ಜನ ಅದನ್ನು ತೊಡುವುದು ಅಲ್ಲಿ ಅಪರಾಧ. ಅಧ್ಯಕ್ಷರ ಜುಬಿಲಿ ಹೌಸ್, ಸೇನೆಯ ಜಾಗ, ವಿಮಾನ ನಿಲ್ದಾಣಗಳ ಫೋಟೋ ತೆಗೆಯಬೇಡಿ.

ಆದರೆ ನನ್ನನ್ನು ನಿಜವಾಗಿ ಕಾಪಾಡಿದ್ದು ಇಂಥ ಎಚ್ಚರಿಕೆಗಳಿಗಿಂತ ಜಾಸ್ತಿ ಅಲ್ಲಿನ ಜನ. ಕೇಪ್ ಕೋಸ್ಟಿನಲ್ಲಿ ನಾನು ಉಳಿದಿದ್ದ ಗೆಸ್ಟ್ ಹೌಸಿನ ಯಜಮಾನಿಯನ್ನು ಬೀದಿಯವರೆಲ್ಲ ಆಂಟಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ದಿನ ಬೆಳಿಗ್ಗೆ ನಾನು ಹೊರಟಾಗ ಅವರು ಬಾಗಿಲಲ್ಲಿ ತಡೆದರು. ‘ಎದುರು ಮನೆಯ ಅಜ್ಜಿಗೆ ನಮಸ್ಕಾರ ಹೇಳಿ ಹೋಗು. ಮೂಲೆಯಲ್ಲಿ ಬಾಳೆಕಾಯಿ ಕರಿಯುವವಳಿಗೂ ಹೇಳು. ಸಂಜೆ ನೀನು ಬರದಿದ್ದರೆ ಹುಡುಕುವವರು ಅವರೇ’ ಅಂದರು. ನಾನು ಹಾಗೇ ಮಾಡಿದೆ. ಎರಡನೇ ದಿನದಿಂದ ಆ ಬೀದಿಯಲ್ಲಿ ಎಲ್ಲರಿಗೂ ನಾನು ಎಲ್ಲಿಗೆ ಹೋಗಿದ್ದೇನೆ ಅಂತ ಗೊತ್ತಿರುತ್ತಿತ್ತು. ಎಲ್ಮಿನಾ ಕೋಟೆಯ ಬಾಗಿಲಲ್ಲಿ ಒಬ್ಬ ಹುಡುಗ ನನ್ನ ಹೆಸರು ಕೇಳಿಕೊಂಡು, ಕೋಟೆ ನೋಡಿ ಹೊರಬರುವಷ್ಟರಲ್ಲಿ ಕಪ್ಪೆಚಿಪ್ಪಿನ ಮೇಲೆ ಅದನ್ನು ಬರೆದಿಟ್ಟು ದುಡ್ಡಿಗೆ ಪಟ್ಟು ಹಿಡಿದ. ಆಗ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು ಅವನಿಗೆ ಎರಡು ಮಾತು ಹೇಳಿದರು. ಅವನು ಸುಮ್ನೆ ಹೋದ. ಹಿರಿಯರ ಮಾತಿಗೆ ಅಲ್ಲಿ ಅಷ್ಟು ಬೆಲೆ ಇದೆ.

ಅಲ್ಲಿ ಯಾರನ್ನೇ ಆಗಲಿ ದಾರಿ ಕೇಳುವ ಮುಂಚೆ ನಮಸ್ಕಾರ ಹೇಳಬೇಕು, ಹೇಗಿದ್ದೀರಿ ಅನ್ನಬೇಕು. ನೇರವಾಗಿ ವಿಷಯಕ್ಕೆ ಬಂದರೆ ಒರಟುತನ ಅನ್ನಿಸುತ್ತದೆ. ಎಡಗೈಯಲ್ಲಿ ಕೊಡುವುದು, ತೆಗೆದುಕೊಳ್ಳುವುದು ಮಾಡಬಾರದು. ಇದು ನಮಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಒಬ್ಬಳೇ ಓಡಾಡುವ ಹೆಂಗಸಿಗೆ ‘ಮದುವೆ ಆಗಿದೆಯಾ?’ ಅನ್ನುವ ಪ್ರಶ್ನೆ ದಿನಕ್ಕೆ ಹಲವು ಸಲ ಬರುತ್ತದೆ. ಬಹುತೇಕ ಅದು ಹರಟೆ. ನಾನು ನಗುತ್ತಾ, ‘ಅಣ್ಣ ತೆಮಾದಲ್ಲಿದ್ದಾನೆ, ಅವನನ್ನೇ ಕೇಳಬೇಕು’ ಅನ್ನುತ್ತಿದ್ದೆ. ಅಣ್ಣನ ಹೆಸರು ಬಂದ ಕೂಡಲೇ ಮಾತು ಬೇರೆ ಕಡೆ ತಿರುಗುತ್ತಿತ್ತು.

ಕೊನೆಗೆ ಸೊಳ್ಳೆ. ಕೊನೆಯಲ್ಲಿ ಬರೆಯುತ್ತಿದ್ದೇನೆ, ಆದರೆ ನನ್ನ ಪ್ರಕಾರ ರಸ್ತೆಯಷ್ಟೇ ದೊಡ್ಡ ಅಪಾಯ ಇದು.

ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆ ಕಡ್ಡಾಯ. ಅದಿಲ್ಲದೆ ಘಾನಾದೊಳಗೆ ಬಿಡುವುದಿಲ್ಲ. ಅದಕ್ಕಿಂತ ಕಟ್ಟುನಿಟ್ಟು ನಮ್ಮ ದೇಶಕ್ಕೆ ವಾಪಸ್ ಬರುವಾಗ. ಈ ರೋಗ ಹರಡುವ ಸೊಳ್ಳೆ ಭಾರತದಲ್ಲಿದೆ, ರೋಗ ಇಲ್ಲ. ಹಾಗಾಗಿ ಸರ್ಟಿಫಿಕೇಟ್ ಇಲ್ಲದೆ ಬಂದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ಲಸಿಕೆ ಹಾಕಿಸಿದ 10 ದಿನದ ಮೇಲೆ ಸರ್ಟಿಫಿಕೇಟ್ ಊರ್ಜಿತವಾಗುತ್ತದೆ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಸರ್ಕಾರ ಗುರುತಿಸಿದ ಕೆಲವೇ ಕೇಂದ್ರಗಳಲ್ಲಿ ಮಾತ್ರ ಹಾಕುವುದರಿಂದ ಟಿಕೆಟ್ ತೆಗೆದ ದಿನವೇ ಇದಕ್ಕೂ ಓಡಾಡಿ. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರ ಹತ್ತಿರ ಮಾತಾಡಲೇಬೇಕು.

ಮಲೇರಿಯಾ ವಿಷಯದಲ್ಲಿ ನಮ್ಮವರ ಧೈರ್ಯ ನೋಡಿದರೆ ನನಗೆ ಸಂಕಟವಾಗುತ್ತದೆ. ‘ಮಂಗಳೂರಲ್ಲಿ ಇಲ್ಲದ ಮಲೇರಿಯಾನಾ?’ ಅನ್ನುತ್ತಾರೆ. ಮಂಗಳೂರಿನಲ್ಲಿ ಹೆಚ್ಚಾಗಿ ಬರುವುದು ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ. ಘಾನಾದಲ್ಲಿ ಬಹುತೇಕ ಎಲ್ಲವೂ ಫಾಲ್ಸಿಪಾರಂ, ಅಂದರೆ ಮಿದುಳಿಗೆ, ಕಿಡ್ನಿಗೆ ಏರಿ ಕೆಲವೇ ದಿನಗಳಲ್ಲಿ ಜೀವ ತೆಗೆಯಬಲ್ಲದ್ದು. ಅಲ್ಲಿನ ದೊಡ್ಡವರು ‘ಸ್ವಲ್ಪ ಮಲೇರಿಯಾ’ ಅಂತ ನೆಗಡಿಯ ಹಾಗೆ ಮಾತಾಡುವುದನ್ನು ಕೇಳುತ್ತೀರಿ. ಚಿಕ್ಕಂದಿನಿಂದ ಮತ್ತೆ ಮತ್ತೆ ಬಂದು ಅವರ ಮೈಗೆ ಒಂದಷ್ಟು ತಡೆಯುವ ಶಕ್ತಿ ಬಂದಿರುತ್ತದೆ. ನಮಗೆ ಅದಿಲ್ಲ. ಅವರ ಮಕ್ಕಳಿಗೂ ಇಲ್ಲ, ಸಾಯುವವರಲ್ಲಿ ಸಣ್ಣ ಮಕ್ಕಳೇ ಜಾಸ್ತಿ. ಪುಣೆಯ ಸೀರಂ ಸಂಸ್ಥೆ ತಯಾರಿಸುವ ಆರ್21 ಅನ್ನುವ ಮಕ್ಕಳ ಮಲೇರಿಯಾ ಲಸಿಕೆಗೆ 2023ರಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿಗೆ ಕೊಟ್ಟ ದೇಶ ಘಾನಾ. ಇದನ್ನು ತಿಳಿದಾಗ ನನಗೆ ತುಂಬಾ ಖುಷಿಯಾಯಿತು.

ಪ್ರವಾಸಿಗರಿಗೆ ಲಸಿಕೆ ಇಲ್ಲ, ಮಾತ್ರೆ ಇದೆ. ಅಟೊವಾಕೋನ್-ಪ್ರೊಗ್ವಾನಿಲ್ ಅಥವಾ ಡಾಕ್ಸಿಸೈಕ್ಲಿನ್, ಯಾವುದು ನಿಮಗೆ ಹೊಂದುತ್ತದೆ ಅಂತ ವೈದ್ಯರು ಹೇಳಬೇಕು. ಹೋಗುವ ಮುಂಚೆ ಶುರು ಮಾಡಿ, ಅಲ್ಲಿದ್ದಷ್ಟು ದಿನ ಒಂದೂ ತಪ್ಪಿಸದೆ ನುಂಗಬೇಕು. ಸಂಜೆ ತುಂಬು ತೋಳಿನ ಬಟ್ಟೆ, ಮೈಗೆ ಸೊಳ್ಳೆ ಓಡಿಸುವ ಮುಲಾಮು, ಮಲಗುವಾಗ ಸೊಳ್ಳೆಪರದೆ. ಮಾತ್ರೆ ಇದೆಯಲ್ಲ ಅಂತ ಇವನ್ನು ಬಿಡಬಾರದು.

ಊರಿಗೆ ವಾಪಸ್ ಬಂದ ಕೂಡಲೇ ಮಾತ್ರೆ ನಿಲ್ಲಿಸುವುದು ಎಲ್ಲರೂ ಮಾಡುವ ಕೆಲಸ. ಅಟೊವಾಕೋನ್-ಪ್ರೊಗ್ವಾನಿಲ್ ಆದರೆ ಬಂದ ಮೇಲೂ 7 ದಿನ, ಡಾಕ್ಸಿಸೈಕ್ಲಿನ್ ಆದರೆ 4 ವಾರ ಮುಂದುವರಿಸಬೇಕು. ಆಮೇಲಿನ ಕೆಲವು ತಿಂಗಳಲ್ಲಿ ಯಾವಾಗ ಜ್ವರ ಬಂದರೂ ವೈರಲ್ ಇರಬಹುದು ಅಂತ ಕಾಯಬೇಡಿ. ಕ್ಲಿನಿಕ್ಕಿಗೆ ಹೋಗಿ ಮೊದಲ ಮಾತಾಗಿ ‘ನಾನು ಘಾನಾದಿಂದ ಬಂದಿದ್ದೇನೆ’ ಅನ್ನಿ. ವೈದ್ಯರು ಕೇಳದಿದ್ದರೂ ಹೇಳಿ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದು ಜ್ವರ ಮಾತ್ರ ಬಿಡದಿದ್ದರೆ ಮರುದಿನ ಮತ್ತೆ ಮಾಡಿಸಿ. ಮನೆಯವರಿಗೂ ಇದನ್ನು ಹೇಳಿಡಿ. ಜ್ವರ ತಲೆಗೇರಿದ ಮೇಲೆ ನಿಮ್ಮ ಪರವಾಗಿ ಈ ಮಾತನ್ನು ಹೇಳಬೇಕಾದವರು ಅವರು.